ಹೆಸರು ಕೇಳಬಾರದು ಎಂದಿದ್ದೆ

ನಾನು ಹುಟ್ಟಾ ಪುಕ್ಕಲಿ. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ, ಬೀದಿನಾಯಿ ಕಂಡರೆ ರಸ್ತೆಯ ಆ ಬದಿಗೆ ದಾಟುತ್ತೇನೆ, ಯಾರಾದರೂ ಹಿಂದಿನಿಂದ ಬಂದು ಮಾತಾಡಿಸಿದರೆ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕುತ್ತೇನೆ. ಇಂಥವಳು ಇಷ್ಟು ವರ್ಷ ಮುಂಬಯಿ ಹತ್ತಿರದ ಕಲ್ಯಾಣದ ಒಂದು ಸಲಹಾ ಕೇಂದ್ರದಲ್ಲಿ, ಗಂಡನ ಮನೆಯಲ್ಲಿ ಹೊಡೆತ ತಿಂದು ಬಂದ ಹೆಂಗಸರ ಜೊತೆ ಕೆಲಸ ಮಾಡಿಕೊಂಡಿದ್ದೇನೆ ಎಂದರೆ ನಮ್ಮ ಮನೆಯವರಿಗೇ ನಗು. "ನೀನು ಅವರನ್ನು ಕಾಪಾಡುದಾ, ಅವರು ನಿನ್ನನ್ನು ಕಾಪಾಡುದಾ?" ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಕೇಳಲಿ. ಹೋಟೆಲಿನಲ್ಲಿ ಕೂತು ಇಡ್ಲಿ ಲೆಕ್ಕ ಹಾಕುವವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ನೆರೂಳಿನ ಒಂದು ಕಾಲೇಜಿನಿಂದ ಪ್ರಾಧ್ಯಾಪಕಿಯೊಬ್ಬರು ಫೋನ್ ಮಾಡಿ, ಮಕ್ಕಳಿಗೆ ಸಮಾಜಕಾರ್ಯ ಎಂಬ ವೃತ್ತಿಯ ಪರಿಚಯ ಮಾಡಿಕೊಡಬೇಕು, ಒಂದು ಗಂಟೆ ಮಾತಾಡಿದರೆ ಸಾಕು ಎಂದಾಗಲೂ ನನಗೆ ಮೊದಲು ಆದದ್ದು ಹೆದರಿಕೆಯೇ. ಬೇಡ ಎನ್ನಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ. ಇಲ್ಲ ಎಂದರೆ ಅವರು ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ ಇನ್ನೂ ದೊಡ್ಡದಾಗಿತ್ತು.

ನಮ್ಮ ಮನೆಯಿರುವ ವರ್ತಕ ನಗರದಿಂದ ರಿಕ್ಷಾ ಹಿಡಿದು ಠಾಣೆ ಊರಿನ ರೈಲು ಸ್ಟೇಷನ್ನಿಗೆ ಬಂದು, ನೆರೂಳಿನ ಗಾಡಿ ಹತ್ತಿ, ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಗುನುಗುತ್ತಾ ಹೋದೆ. ಸಭಾಂಗಣದಲ್ಲಿ ಮಕ್ಕಳು ತುಂಬಿದ್ದರು. ಅರ್ಧದಷ್ಟು ಹಾಜರಿಗಾಗಿ ಬಂದವರು ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಸಮಾಜಕಾರ್ಯ ಎಂದರೆ ಏನು ಎಂದು ಕೇಳಿದೆ. ಕಂಬಳಿ ಹಂಚುವುದು ಎಂದ ಒಬ್ಬ. ಅನಾಥಾಶ್ರಮದಲ್ಲಿ ಹುಟ್ಟುಹಬ್ಬ ಮಾಡಿಕೊಳ್ಳುವುದು ಎಂದಳು ಇನ್ನೊಬ್ಬಳು. ನನಗೆ ರೇಗಿತು. ಸಿಟ್ಟು ಬಂದಾಗ ಮಾತ್ರ ನನ್ನ ಹೆದರಿಕೆ ಒಂದು ಗಳಿಗೆ ದೂರ ನಿಲ್ಲುತ್ತದೆ.

ಕಂಬಳಿ ಹಂಚಲು ಎರಡು ವರ್ಷ ಓದಬೇಕಾಗಿಲ್ಲ ಎಂದೆ. ಇದು ಪುಣ್ಯದ ಕೆಲಸ ಅಲ್ಲ, ಕಲಿತು ಮಾಡುವ ಕೆಲಸ. ಎದುರಿಗಿರುವವರು ಅಳುವಾಗ ನೀವು ಅಳಬಾರದು, ಅವರ ಪರವಾಗಿ ನೀವು ತೀರ್ಮಾನ ಮಾಡಬಾರದು, ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಮನೆಗೆ ಹೋಗಬೇಕು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಮ್ಯಾಮ್, ಸೇಫ್ ಹೈ ಕ್ಯಾ?" ಎಂದ. ಇಲ್ಲ ಎಂದೆ. ನನಗೆ ದಿನವೂ ಹೆದರಿಕೆಯಾಗುತ್ತದೆ, ಮೆಟ್ಟಿಲ ಮೇಲೆ ಗಂಡಸರ ಚಪ್ಪಲಿ ಸದ್ದು ಕೇಳಿದರೆ ಎದೆ ಡವಗುಟ್ಟುತ್ತದೆ ಎಂದೂ ಹೇಳಿದೆ. ಪ್ರಾಧ್ಯಾಪಕಿಯ ಮುಖ ಸಣ್ಣಗಾಯಿತು. ಮಕ್ಕಳನ್ನು ಈ ಓದಿಗೆ ಎಳೆಯಲು ಕರೆಸಿದರೆ ಈ ಹೆಂಗಸು ಓಡಿಸುತ್ತಿದ್ದಾಳಲ್ಲ ಎಂದು ಅವರಿಗೆ ಅನಿಸಿರಬೇಕು.

ಆದರೂ ನಾಲ್ವರು ಹುಡುಗಿಯರು ನಮ್ಮ ಕೇಂದ್ರ ನೋಡಲು ಬರುತ್ತೇವೆಂದರು. ಅವರಲ್ಲಿ ಒಬ್ಬಳು ನಮ್ಮ ಕರಾವಳಿ ಕಡೆಯವಳು. ಅಪ್ಪನದು ನವಿ ಮುಂಬಯಿಯಲ್ಲಿ ಹೋಟೆಲು, ಮನೆಯಲ್ಲಿ ತುಳು. ನಾನು ಕನ್ನಡದಲ್ಲಿ ಮಾತಾಡಿಸಿದರೆ ತಲೆಯಾಡಿಸಿ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿ ಹುಟ್ಟಿದ ಮಕ್ಕಳೆಲ್ಲ ಹಾಗೆಯೇ. ಚುರುಕು ಹುಡುಗಿ, ಮಾತಿನ ಮಲ್ಲಿ, ಕಣ್ಣಲ್ಲಿ ನಿಜವಾದ ಕುತೂಹಲ. ನನಗೆ ಕೂಡಲೇ ಇಷ್ಟವಾದಳು.

ನಮ್ಮ ಕೇಂದ್ರ ಕಲ್ಯಾಣದ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದೆ. ಕಡಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ, ಹೊರಗೆ ಕಾಯುವವರಿಗೆ ಒಂದು ಬೆಂಚು. ಹುಡುಗಿಯರನ್ನು ಕೂರಿಸಿಕೊಂಡು ಕೇಂದ್ರದ ನಿಯಮ ಹೇಳಿದೆ. ಇಲ್ಲಿ ಬರುವ ಯಾರ ಹೆಸರೂ ಕೇಳಬಾರದು. ಫೋಟೋ ತೆಗೆಯಬಾರದು. ಏನಾಯಿತು ಎಂದು ಕೆದಕಬಾರದು. ನಾಲ್ವರೂ ಫೋನುಗಳನ್ನು ನನ್ನ ಮೇಜಿನ ಮೇಲಿಟ್ಟರು. ಈ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ, ಕರಾವಳಿಯವರನ್ನು ಕಂಡವರಂತೂ ಅಲ್ಲ.

ಯಾಕೆಂದರೆ ನಮ್ಮಲ್ಲಿ ಹೆಸರು ಯಾರಿಗೆ ಬೇಕು? ಇಬ್ಬರು ಅಪರಿಚಿತರು ಲೋಕಲ್ ಗಾಡಿಯಲ್ಲಿ ಎದುರುಬದುರು ಕೂತು, ಒಬ್ಬರ ಬಾಯಲ್ಲಿ ತುಳು ಬಂತು ಎಂದರೆ ಮೊದಲು ಕೇಳುವುದು ಊರು. ಆಮೇಲೆ ಮನೆ. ಆಮೇಲೆ ಯಾರ ಪೈಕಿ ಎಂದು. ಅಷ್ಟರಲ್ಲಿ ಇಬ್ಬರಿಗೂ ಗೊತ್ತಿರುವ ಒಬ್ಬ ಮಾವನೋ ಚಿಕ್ಕಮ್ಮನೋ ಸಿಕ್ಕಿಬಿಡುತ್ತಾರೆ. ಹೆಸರು ಕೇಳುವುದು ಇಳಿಯುವಾಗ, ಅದೂ ನೆನಪಾದರೆ.

ಅವತ್ತು ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಇವಳೂ ಕರಾವಳಿಯವಳೇ. ಗಂಡ ಡೊಂಬಿವಿಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಗಿರಾಕಿಗಳ ಎದುರು ಬೆಣ್ಣೆಯಂಥ ಮಾತು, ಮನೆಗೆ ಬಂದರೆ ಬಾಗಿಲು ಹಾಕಿ ಹೊಡೆಯುವುದು. ಅವಳ ಬಲಗೈ ಮಣಿಕಟ್ಟು ಮುರಿದದ್ದು ಸರಿಯಾಗಿ ಕೂಡಿಕೊಂಡಿರಲಿಲ್ಲ. ಹಿಂದೊಮ್ಮೆ ತಪ್ಪಿಸಿಕೊಂಡು ಡೊಂಬಿವಿಲಿಯಲ್ಲೇ ಇದ್ದ ನೆಂಟರ ಮನೆ ಸೇರಿದ್ದಳು. ಅವನು ಹುಡುಕಿಕೊಂಡು ಹೋಗಿ, ಜಡೆ ಹಿಡಿದು ಮೆಟ್ಟಿಲ ಮೇಲಿಂದ ಎಳೆದು ತಂದಿದ್ದ. ಇನ್ನೊಂದು ಸಲ ಓಡಿಹೋದರೆ ಕೊಂದೇ ಹಾಕುತ್ತೇನೆ ಎಂದಿದ್ದ. ಇವಳು ಇನ್ನೊಂದು ಸಲ ಓಡಿಬಂದಿದ್ದಳು. ಕೊಲ್ಲುತ್ತೇನೆ ಎನ್ನುವ ಗಂಡಂದಿರಲ್ಲಿ ಯಾರದು ಬರೀ ಮಾತು, ಯಾರದು ಅಲ್ಲ ಎಂದು ಇಷ್ಟು ವರ್ಷದಲ್ಲಿ ಒಂದಿಷ್ಟು ತಿಳಿಯುತ್ತದೆ. ಇವನದು ಬರೀ ಮಾತಾಗಿರಲಿಲ್ಲ.

ಅವಳನ್ನು ನಾವು ಒಂದು ಶೆಲ್ಟರಿನಲ್ಲಿ, ಅಂದರೆ ಇಂಥ ಹೆಂಗಸರನ್ನು ಅಡಗಿಸಿಡುವ ವಸತಿಯಲ್ಲಿ ಇಟ್ಟಿದ್ದೆವು. ಅದು ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅವಳ ಬಳಿ ಫೋನಿರಲಿಲ್ಲ, ನಾವೇ ತೆಗೆದಿಟ್ಟಿದ್ದೆವು. ವಕೀಲೆಯನ್ನು ಕಾಣಬೇಕಾದಾಗ ಮಾತ್ರ ಬಸ್ಸಿನಲ್ಲಿ ಕಲ್ಯಾಣಕ್ಕೆ ಬರುತ್ತಿದ್ದಳು.

ನಾನು ಒಳಗೆ ಬೇರೊಬ್ಬರ ಜೊತೆ ಮಾತಾಡುತ್ತಿದ್ದಾಗ ಹೊರಗಿನಿಂದ ನಗು ಕೇಳಿಸಿತು. ಬಾಗಿಲಿಂದ ಇಣುಕಿದರೆ ಆ ಹೆಂಗಸು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಪಕ್ಕದಲ್ಲಿ ನಮ್ಮ ತುಳು ಹುಡುಗಿ ಕೈ ಆಡಿಸಿ ಏನೋ ಹೇಳುತ್ತಿದ್ದಳು. ಆ ಹೆಂಗಸು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು. ಈ ಹುಡುಗಿ ನಾಳೆ ನಮ್ಮ ಕೆಲಸಕ್ಕೆ ಬರುತ್ತಾಳೆ, ಬರೆದಿಟ್ಟುಕೊಳ್ಳಿ ಎಂದು ನನ್ನ ಸಹೋದ್ಯೋಗಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಠಾಣೆ ಸ್ಟೇಷನ್ನಿನ ಮೇಲ್ಸೇತುವೆ ಇಳಿಯುತ್ತಿದ್ದಾಗ ಹುಡುಗಿಯ ಫೋನ್ ಬಂತು.

"ಆಂಟಿ," ಎಂದಳು. ಹಿಂದಿನ ದಿನವೆಲ್ಲ ನಾನು ಮ್ಯಾಮ್ ಆಗಿದ್ದೆ. "ಆಂಟಿ, ನಾನು ಹೆಸರು ಕೇಳ್ಲಿಲ್ಲ. ದೇವರಾಣೆ ಕೇಳ್ಲಿಲ್ಲ. ಊರು ಮಾತ್ರ ಕೇಳಿದ್ದು."

ಅವಳು ಕನ್ನಡದಲ್ಲಿ ಮಾತಾಡುತ್ತಿದ್ದಾಳೆ ಎಂದು ಗೊತ್ತಾದಾಗಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡೆ. "ಇರೆನ ಇಲ್ಲ್ ಓಲು?" ನಿಮ್ಮ ಮನೆ ಎಲ್ಲಿ, ಎಂದು ಹುಡುಗಿ ಕೇಳಿದ್ದಳು. ಹೆಂಗಸು ಹೇಳಿದ್ದಳು, ನಾಳೆಯೂ ವಕೀಲೆಯನ್ನು ಕಾಣಲು ಬರುವುದಿದೆ ಎಂದೂ. ಹುಡುಗಿಯ ಅಜ್ಜಿಮನೆ ಅಲ್ಲೇ ಹತ್ತಿರ. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ್ದಾಳೆ. ಅಮ್ಮನಿಗೆ ಆ ಮನೆ ಗೊತ್ತು, ಆ ಹೆಂಗಸಿನ ತಾಯಿಯೂ ಗೊತ್ತು. "ಪಾಪ, ಮಗಳು ಕಾಣೆಯಾಗಿದ್ದಾಳೆಂದು ಅವರು ಅಲ್ಲಿ ಎಷ್ಟು ಸಂಕಟಪಡುತ್ತಾರೋ" ಎಂದು ಮರುಗಿ, ಬೆಳಿಗ್ಗೆ ಎದ್ದವರೇ ಡೊಂಬಿವಿಲಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದ್ದಾರೆ. ಆ ಅಕ್ಕ ತನ್ನ ಭಜನಾ ಮಂಡಳಿಯ ಒಬ್ಬರಿಗೆ ಹೇಳಿದ್ದಾರೆ. ಆ ಒಬ್ಬರು ಆ ಹೆಂಗಸಿನ ಗಂಡನ ತಂಗಿ.

"ಅವರು ಅಮ್ಮನಿಗೆ ಫೋನ್ ಮಾಡಿದ್ರು ಆಂಟಿ. ತುಂಬ ಅತ್ರು. ಅತ್ತಿಗೆ ಜೀವಂತ ಇದ್ದಾರಲ್ಲ, ಅಷ್ಟು ಸಾಕು ಅಂತ. ಅಮ್ಮ ಎಲ್ಲಾ ಹೇಳಿದ್ರು. ಪಾತ್ರೆ ಅಂಗಡಿಯ ಮೇಲೆ ಅಂತ. ಅಲ್ಲಿಯ ಮೇಡಂ ನಮ್ಮವರೇ ಅಂತ. ಇವತ್ತು ಪುನಃ ವಕೀಲರ ಹತ್ರ ಬರ್ತಾರೆ ಅಂತಾನೂ."

ಹೌದು, ಅವಳು ಇವತ್ತೂ ಬರುವವಳಿದ್ದಳು. ಒಂದು ಸಹಿ ಬಾಕಿಯಿತ್ತು.

ಹುಡುಗಿಯ ಕೈಯಿಂದ ಫೋನ್ ಅಮ್ಮನ ಕೈಗೆ ಹೋಯಿತು. "ಮೇಡಂ, ನಾನು ಒಳ್ಳೇದಕ್ಕೇ ಹೇಳಿದ್ದು. ನಂಗೆ ಎಂತ ಗೊತ್ತು? ಪುನಃ ಫೋನ್ ಮಾಡಿ ಹೇಳ್ಲಾ, ಅದು ಅವರಲ್ಲ, ಬೇರೆ ಯಾರೋ ಅಂತ?" ಎಂದರು ಆಕೆ.

"ಬೇಡ," ಎಂದೆ. "ದಮ್ಮಯ್ಯ ಅಂತೇನೆ, ಇನ್ನು ಯಾರಿಗೂ ಫೋನ್ ಮಾಡ್ಬೇಡಿ."

ಕಲ್ಯಾಣದ ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಬಾಗಿಲ ಹತ್ತಿರವೇ ನಿಂತು ಶೆಲ್ಟರಿಗೆ ಫೋನ್ ಮಾಡಿದೆ. ಆಗಲೇ ಹೊರಟಳಲ್ಲ ಎಂದರು. ಕಲ್ಯಾಣದ ಪೊಲೀಸ್ ಸ್ಟೇಷನ್ನಿನಲ್ಲಿ ನನಗೆ ಗುರುತಿನ ಒಬ್ಬ ಮಹಿಳಾ ಪೇದೆ ಇದ್ದಳು. ಅವಳಿಗೆ ಮಾಡಿದೆ. ಬಂದೋಬಸ್ತಿನಲ್ಲಿದ್ದೇನೆ, ಬಿಟ್ಟ ಕೂಡಲೇ ಬರುತ್ತೇನೆ ಎಂದಳು. ಕೊನೆಗೆ ನಮ್ಮ ಕೇಂದ್ರಕ್ಕೆ ಮಾಡಿದೆ. ನನ್ನ ಸಹೋದ್ಯೋಗಿ ಮರಾಠಿಯವರು, ನನಗಿಂತ ಹಿರಿಯರು. ಫೋನ್ ಎತ್ತಿದವರು ನಾನು ಬಾಯಿ ತೆರೆಯುವ ಮೊದಲೇ ತಗ್ಗಿದ ದನಿಯಲ್ಲಿ ಹೇಳಿದರು: ಒಬ್ಬ ಗಂಡಸು ಬಂದು ಕೂತಿದ್ದಾನೆ. ಯಾರನ್ನು ಕಾಣಬೇಕು ಎಂದರೆ ಕನ್ನಡದ ಮೇಡಂ ಎನ್ನುತ್ತಾನೆ. ತುಂಬ ಮರ್ಯಾದಸ್ಥ. ಸೇಬು ತಂದಿದ್ದಾನೆ.

ಅವನೇ ಅವಳ ಗಂಡ, ಏನೂ ಹೇಳಬೇಡಿ ಎಂದೆ. ಡೊಂಬಿವಿಲಿಯಿಂದ ಕಲ್ಯಾಣ ಎಷ್ಟು ದೂರ? ಕೂತವರು ಏಳುವಷ್ಟರಲ್ಲಿ ಬರುತ್ತದೆ. ನಾನು ಇನ್ನೂ ಮುಂಬ್ರಾದ ಗುಡ್ಡದ ಬುಡದಲ್ಲಿದ್ದೆ. ನನ್ನ ಪಕ್ಕದಲ್ಲಿ ಹೆಂಗಸರು ಬಟಾಣಿ ಸುಲಿಯುತ್ತಾ ಸೊಸೆಯಂದಿರ ಮೇಲೆ ದೂರು ಹೇಳುತ್ತಿದ್ದರು. ಅವರ ಮೇಲೆಲ್ಲ ನನಗೆ ವಿನಾಕಾರಣ ಸಿಟ್ಟು ಬಂತು. ಸೀಟು ಸಿಕ್ಕಿತು ಬನ್ನಿ ಎಂದು ಒಬ್ಬಾಕೆ ಕೈ ಹಿಡಿದರೆ ನಾನು ಚೀರಿಯೇಬಿಟ್ಟೆ.

ಕಲ್ಯಾಣದಲ್ಲಿ ಇಳಿದು ಸ್ಕೈವಾಕಿನ ಜನಜಂಗುಳಿಯಲ್ಲಿ ಓಡಿದೆ. ನನ್ನಂಥವಳು ಓಡುವುದೆಂದರೆ ಬೇರೆಯವರು ನಡೆಯುವಷ್ಟು. ಬಸ್ ಸ್ಟ್ಯಾಂಡಿನಲ್ಲಿ ಅವಳು ಕಾಣಲಿಲ್ಲ. ಅಲ್ಲೇ ಕಾಯೋಣವೆಂದರೆ, ಅವಳು ಆಗಲೇ ಇಳಿದು ಹೋಗಿದ್ದರೆ? ಗಲ್ಲಿಗೆ ಹೋಗೋಣವೆಂದರೆ, ಅವನು ಕಿಟಕಿಯಲ್ಲಿ ನಿಂತಿದ್ದರೆ? ದೇವರೇ ದೇವರೇ ಎನ್ನುತ್ತಾ ಗಲ್ಲಿಗೇ ಹೋದೆ. ಮೆಟ್ಟಿಲು ಹತ್ತಲಿಲ್ಲ. ಕೆಳಗಿನ ಪಾತ್ರೆ ಅಂಗಡಿಯೊಳಗೆ ಹೊಕ್ಕು, ತೂಗುಹಾಕಿದ್ದ ಬೋಗುಣಿಗಳ ಹಿಂದೆ ನಿಂತು ಗಲ್ಲಿಯ ತುದಿಯನ್ನೇ ನೋಡತೊಡಗಿದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅವನು ಇಳಿದು ಬಂದ. ಅವಳ ಮದುವೆಯ ಫೋಟೋದಲ್ಲಿ ನೋಡಿದ್ದೆ, ಈಗ ಸ್ವಲ್ಪ ದಪ್ಪಗಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ. ಅಂಗಡಿಯ ಎದುರು ನಿಂತು ನನ್ನನ್ನೇ ನೋಡಿ ಕೈ ಮುಗಿದ.

"ನಮಸ್ಕಾರ ಮೇಡಂ. ನೀವು ನಮ್ಮ ಕಡೆಯವರಲ್ವಾ? ನೋಡಿದ್ರೆ ಹಾಗೇ ಕಾಣ್ತದೆ. ಊರಲ್ಲಿ ಎಲ್ಲಿ ಆಯ್ತು ನಿಮ್ಮ ಮನೆ?"

ಎಷ್ಟು ಮೆತ್ತಗಿನ ದನಿ! ಒಂದು ಕ್ಷಣ ನನ್ನ ನಾಲಿಗೆ ತಾನಾಗಿ ಉತ್ತರ ಹೇಳಲು ಹೊರಟಿತು. ಈ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ನಮಗೆ ಗೊತ್ತೇ ಇಲ್ಲ. ಹುಟ್ಟಿದಂದಿನಿಂದ ಕೊಟ್ಟು ಅಭ್ಯಾಸ.

"ಮಲಾ ಕನ್ನಡ ಯೇತ್ ನಾಹೀ," ಎಂದೆ. ನನಗೆ ಕನ್ನಡ ಬರುವುದಿಲ್ಲ. ಅಂಗಡಿಯವನು ನನ್ನನ್ನು ವರ್ಷಗಟ್ಟಲೆ ಬಲ್ಲವನು, ನಾನು ಎಷ್ಟೋ ಸಲ ಅಲ್ಲೇ ನಿಂತು ಫೋನಿನಲ್ಲಿ ಕನ್ನಡದಲ್ಲಿ ಕಿರುಚಾಡಿದ್ದನ್ನು ಕೇಳಿದವನು. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಬಾಯಿ ತೆರೆದ. ಅವನು ಏನಾದರೂ ಹೇಳುವ ಮೊದಲೇ ಕುಕ್ಕರ್ ತೋರಿಸಿ, ದೊಡ್ಡದು ಎಂದು ಮರಾಠಿಯಲ್ಲಿ ಹೇಳಿದೆ. ಅವನಿಗೆ ಏನು ಅರ್ಥವಾಯಿತೋ, ಸುಮ್ಮನೆ ಏಣಿ ಹತ್ತಿ ಕುಕ್ಕರ್ ಇಳಿಸಿದ.

ಆಗಲೇ ಗಲ್ಲಿಯ ತುದಿಯಲ್ಲಿ ಅವಳು ಕಾಣಿಸಿದಳು. ತಲೆ ತಗ್ಗಿಸಿ, ಚೀಲ ಎದೆಗೊತ್ತಿಕೊಂಡು ನೇರ ಇತ್ತಲೇ ಬರುತ್ತಿದ್ದಳು. ಅವನ ಬೆನ್ನು ಅವಳ ಕಡೆಗಿತ್ತು. ಅವನು ಒಮ್ಮೆ ತಿರುಗಿದರೆ ಮುಗಿಯಿತು.

ನಾನು ಆ ಕುಕ್ಕರನ್ನು ಎತ್ತಿ ಅವನ ಮುಖದ ಮುಂದೆ ಹಿಡಿದೆ. ಎಲ್ಲಿಂದ ಬಂತೋ ಬುದ್ಧಿ, ನನಗೆ ಗೊತ್ತಿಲ್ಲ. "ಭಾಯಿಸಾಬ್, ನೀವು ಹೋಟೆಲಿನವರ ಹಾಗೆ ಕಾಣ್ತೀರಿ. ನಮ್ಮಲ್ಲಿ ಸತ್ಯನಾರಾಯಣ ಪೂಜೆ ಇದೆ. ಐವತ್ತು ಜನಕ್ಕೆ ಇದು ಸಾಕಾ?" ಎಂದು ಹಿಂದಿಯಲ್ಲಿ ಕೇಳಿದೆ.

ಅವನ ಮುಖ ಅರಳಿತು. ಅಡುಗೆಯ ವಿಷಯ ಕೇಳಿದರೆ ಹೋಟೆಲಿನವರು ಸುಮ್ಮನಿರುವುದುಂಟೇ? ಐವತ್ತು ಜನಕ್ಕೆ ಇದು ಯಾವ ಮೂಲೆಗೆ ಎಂದ. ಅನ್ನಕ್ಕೆ ಕುಕ್ಕರೇ ಬೇಡ, ಹಂಡೆಯಲ್ಲಿ ಬೇಯಿಸಿ ಗಂಜಿ ನೀರು ಬಾಗಿಸಬೇಕು, ಕುಕ್ಕರ್ ಬೇಳೆಗೆ ಮಾತ್ರ ಎಂದ. ಕುಕ್ಕರನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗುಚಿ, ಬೆರಳ ಗೆಣ್ಣಿನಿಂದ ತಳವನ್ನು ಬಡಿದು ತೋರಿಸಿದ. ಈ ಸದ್ದು ಬಂದರೆ ತಳ ತೆಳು, ಹಿಡಿಯುತ್ತದೆ. ಅದೇ ಕೈಯಿಂದ ಅವಳ ಮಣಿಕಟ್ಟು ಮುರಿದವನು. ನಾನು ಆ ಕೈಯನ್ನೇ ನೋಡುತ್ತಾ ಹಾಂ ಹಾಂ ಎನ್ನುತ್ತಿದ್ದೆ.

ಅವಳು ನಿಂತಳು. ಆ ಬೆನ್ನು ಯಾರದೆಂದು ಅವಳಿಗೆ ಗೊತ್ತಾಯಿತು. ಓಡಲಿಲ್ಲ, ಕೂಗಲಿಲ್ಲ. ಮೆಲ್ಲಗೆ, ಏನೋ ಮರೆತು ಬಂದವಳ ಹಾಗೆ ತಿರುಗಿ ನಡೆದುಹೋದಳು.

ಅವನು ಪುನಃ ಮೇಲೆ ಹೋಗಿ ಕೂರುವವರೆಗೂ ನಾನು ಅಲ್ಲೇ ಇದ್ದೆ. ಆಮೇಲೆ ಅವಳನ್ನು ಹುಡುಕಿದೆ. ಪೇಟೆಯ ಹೂವಿನ ಅಂಗಡಿಗಳ ಹಿಂದೆ, ಖಾಲಿ ಬುಟ್ಟಿಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ರಿಕ್ಷಾ ಹತ್ತಿದೆವು. ಪೇದೆ ಬಂದು ಅವನನ್ನು ವಿಚಾರಿಸಿ ಕಳುಹಿಸಿದಳು ಎಂದು ಆಮೇಲೆ ಗೊತ್ತಾಯಿತು. ಸೇಬು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಹೋಗಿದ್ದನಂತೆ.

ರಿಕ್ಷಾದಲ್ಲಿ ನಾನು ಹುಡುಗಿಯನ್ನೂ ಅವಳ ಅಮ್ಮನನ್ನೂ ಬಾಯಿಗೆ ಬಂದಂತೆ ಬೈದೆ. ಅವಳು ನನ್ನ ಕೈ ಅದುಮಿದಳು.

"ಆ ಮಗುವಿಗೆ ಬೈಬೇಡಿ ಅಕ್ಕ. ನೀನು ಯಾವ ಮನೆಯವಳು ಅಂತ ನನ್ನನ್ನು ಯಾರಾದ್ರೂ ಕೇಳಿ ಎಷ್ಟು ಕಾಲ ಆಯ್ತು ಗೊತ್ತುಂಟಾ? ಹೇಳುವಾಗ ಖುಷಿ ಆಯ್ತು. ತಡಿಲಿಕ್ಕೆ ಆಗ್ಲಿಲ್ಲ."

ನಾನೂ ತುಳುವಿನವಳೇ. ನಾನು ಅವಳನ್ನು ಅದೊಂದನ್ನು ಕೇಳಿರಲಿಲ್ಲ, ಕೇಳಬಾರದು ಎಂದೇ ಕಲಿತು ಬಂದವಳು. ಸಂಜೆಯೊಳಗೆ ಅವಳನ್ನು ದೂರದ ಬೇರೊಂದು ಊರಿನ ಶೆಲ್ಟರಿಗೆ ಸಾಗಿಸಿದೆವು. ಅಲ್ಲಿ ಕನ್ನಡ, ತುಳು ಯಾರಿಗೂ ಬರುವುದಿಲ್ಲ. ಅದಕ್ಕಾಗಿಯೇ ಆ ಜಾಗವನ್ನು ಆರಿಸಿದ್ದು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕೆಲವು ದಿನಗಳಾದ ಮೇಲೆ ಹುಡುಗಿ ಒಬ್ಬಳೇ ಕಲ್ಯಾಣಕ್ಕೆ ಬಂದಳು. ಮುಖ ಇಳಿದುಹೋಗಿತ್ತು. ಆ ಹೆಂಗಸು ಎಲ್ಲಿದ್ದಾಳೆಂದು ಕೇಳಲಿಲ್ಲ. ಕೂತು, ನೀರು ಕುಡಿದು, ಅಮ್ಮನಿಗೆ ಡೊಂಬಿವಿಲಿಯಿಂದ ಆ ಗಂಡಸಿನ ತಂಗಿಯ ಫೋನ್ ಪುನಃ ಬಂದಿತ್ತು ಎಂದಳು. ಆ ಹೆಂಗಸಿನ ತಾಯಿಗೆ ತುಂಬ ಹುಷಾರಿಲ್ಲವಂತೆ. ಊರಿನ ಆಸ್ಪತ್ರೆಯಲ್ಲಿದ್ದಾರಂತೆ. ಮಗಳು ಒಮ್ಮೆ ಬಂದು ಮುಖ ತೋರಿಸಿ ಹೋಗಲಿ ಎಂದು ಹಂಬಲಿಸುತ್ತಿದ್ದಾರಂತೆ.

ಇದು ಬಲೆ, ನೂರಕ್ಕೆ ನೂರು ಬಲೆ ಎಂದು ನನ್ನ ಬುದ್ಧಿ ಹೇಳಿತು. ತಾಯಿಗೆ ಹುಷಾರಿಲ್ಲ ಎಂದು ಹೇಳಿ ಎಷ್ಟು ಹೆಂಗಸರನ್ನು ಹೊರಗೆ ಕರೆಸಿಕೊಂಡದ್ದನ್ನು ನಾನು ಕಂಡಿಲ್ಲ! ಆದರೆ ತಾಯಂದಿರು ನಿಜವಾಗಿಯೂ ಕಾಯಿಲೆ ಬೀಳುತ್ತಾರಲ್ಲ. ಊರಲ್ಲಿ ಯಾರನ್ನಾದರೂ ವಿಚಾರಿಸೋಣವೆಂದರೆ, ನಾನು ವಿಚಾರಿಸಿದ ಸುದ್ದಿ ಅವತ್ತೇ ಡೊಂಬಿವಿಲಿ ತಲುಪುತ್ತದೆ.

"ಅವಳಿಗೆ ಹೇಳೋದಿಲ್ಲ," ಎಂದೆ. "ಹೇಳಿದ್ರೆ ಎದ್ದು ಹೊರಟುಬಿಡ್ತಾಳೆ. ಅವನು ಊರಿನ ಬಸ್ ಸ್ಟ್ಯಾಂಡಿನಲ್ಲೇ ಕಾದಿರ್ತಾನೆ."

ಹುಡುಗಿ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. ಆಮೇಲೆ ತಲೆಯೆತ್ತದೆ ಹೇಳಿದಳು: "ಆಂಟಿ, ಅವರ ಪರವಾಗಿ ತೀರ್ಮಾನ ಮಾಡ್ಬಾರ್ದು ಅಂತ ನೀವೇ ಹೇಳಿದ್ದು, ಕಾಲೇಜಲ್ಲಿ. ಅದು ಅವರ ಅಮ್ಮ."

ಅವಳ ಮೇಲೆ ರೇಗಬೇಕೆನಿಸಿತು. ಇಡೀ ಅನಾಹುತಕ್ಕೆ ಕಾರಣಳಾದವಳು ನನಗೆ ಪಾಠ ಹೇಳುತ್ತಿದ್ದಾಳೆ! ಆದರೆ ಅವಳೂ ನನ್ನಷ್ಟೇ ಹೆದರಿದ್ದಳು, ಹೆದರಿಯೂ ಹೇಳಿದ್ದಳು. ಸಭಾಂಗಣದಲ್ಲಿ ನಾನು ಒಂದು ಗಂಟೆ ಮಾತಾಡಿ ಪರಿಚಯಿಸಲು ಒದ್ದಾಡಿದ್ದು ಇದನ್ನೇ.

ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು ಆ ದೂರದ ಊರಿನ ಶೆಲ್ಟರಿಗೆ ಫೋನ್ ಮಾಡಿದೆ. ಅವಳನ್ನು ಕರೆಸಿದರು. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ, ಯಾರ ಬಾಯಿಂದ ಬಂತು ಎಂಬುದನ್ನೂ ಬಿಡಲಿಲ್ಲ. ಸುಳ್ಳಿರಬಹುದು, ನಿಜವೂ ಇರಬಹುದು, ನನಗೆ ಗೊತ್ತಿಲ್ಲ ಎಂದೆ.

ಅಳುತ್ತಾಳೆ, ಈಗಲೇ ಹೊರಡುತ್ತೇನೆ ಎನ್ನುತ್ತಾಳೆ ಎಂದು ಕಾದೆ.

"ಸುಳ್ಳು ಅಕ್ಕ," ಎಂದಳು ಕೊನೆಗೆ. ದನಿ ಗಟ್ಟಿಯಾಗಿತ್ತು. "ನನ್ನ ಅಮ್ಮ ಬಾ ಅಂತ ಹೇಳಿ ಕಳಿಸ್ಲಿಕ್ಕಿಲ್ಲ. ಕಳೆದ ಸಲ ನಾನು ಮನೆ ಬಿಟ್ಟು ಹೊರಟಾಗ ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ನಾನು ಸತ್ರೂ ನೀನು ಬರ್ಬೇಡ, ಅವನು ಇಲ್ಲೇ ಇರ್ತಾನೆ ಅಂತ. ಕಾಯಿಲೆ ಬಿದ್ದಿದ್ರೆ ಅಮ್ಮ ಅದನ್ನು ಮುಚ್ಚಿಡ್ಲಿಕ್ಕೇ ನೋಡ್ತಾಳೆ. ಇದು ನನ್ನ ಅಮ್ಮನ ಮಾತಲ್ಲ."

ನನ್ನ ಎದೆಯಿಂದ ಒಂದು ದೊಡ್ಡ ಭಾರ ಇಳಿಯಿತು. ಸರಿ, ಹಾಗಾದರೆ ಅಲ್ಲೇ ಇರು, ಹೊರಗೆ ಎಲ್ಲೂ ಹೋಗಬೇಡ ಎಂದೆ. ಹೂಂ ಎಂದಳು. ನಾನು ಫೋನ್ ಇಡುವವಳಿದ್ದೆ.

"ಅಕ್ಕ," ಎಂದಳು. ಈಗ ಅವಳ ದನಿ ಬೇರೆಯಾಗಿತ್ತು. "ಅವರು ಹೇಳಿದ್ದು ಸುಳ್ಳು. ಆದ್ರೆ ಅಮ್ಮನಿಗೆ ನಿಜವಾಗ್ಲೂ ಹುಷಾರಿಲ್ಲದಿದ್ರೆ, ನಂಗೆ ಹೇಗೆ ಗೊತ್ತಾಗ್ತದೆ?"

ಗೊತ್ತಾಗುವುದಿಲ್ಲ ಎಂದು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ನನಗೂ ಹೆದರಿಕೆ ಆಗ್ತದೆ ಎಂದೆ. ಹೌದಾ ಅಕ್ಕ ಎಂದಳು. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.